ಎಲ್ಲರ ಜಿಂಕೆಯೂ ಒಂದೇ ಯಂತ್ರದಲ್ಲಿ

ಥಿಯಾ ಈರುಳ್ಳಿ ಹೆಚ್ಚುತ್ತಿದ್ದಳು. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಓರ್ವಿಲ್‌ಗೆ ಅನ್ನಾಹಾರ ಸೇರುತ್ತಿರಲಿಲ್ಲ; ಜಿಂಕೆ ಮಾಂಸವೊಂದನ್ನೇ ಕೇಳುತ್ತಿದ್ದ. ಅವರು ಮಾಂಸ ಕೊಳ್ಳುತ್ತಿದ್ದ ಜಿಂಕೆ ಸಾಕಣೆಯವನ ಹಿಂಡಿಗೆ ಮಿದುಳು ತಿನ್ನುವ ರೋಗ ತಗುಲಿತ್ತು. ತಿಂದವರಿಗೂ ಬಂದೀತೆಂಬ ಭಯದಲ್ಲಿ ಎಲ್ಲವನ್ನೂ ಕೊಂದು ಹೂತಿದ್ದರು.

ನೆರೆಯ ಬೇಟೆಗಾರ ಡೆಲ್ಮರ್ ಬೂಟಿನ ಹಿಮ ಒದರುತ್ತ ಬಂದು ಪೊಟ್ಟಣ ಇಟ್ಟ. "ತಗೋ ಮಗಾ. ಕಾಡಿನ ಜಿಂಕೆ, ನಾನೇ ಹೊಡೆದದ್ದು. ಅದರ ತಲೆ ಪರೀಕ್ಷೆಗೆ ಕೊಟ್ಟಿದ್ದೆ, ರೋಗ ಇಲ್ಲ ಅಂತ ಬಂತು. ನಿಮ್ಮಜ್ಜ ಇನ್ನಾದ್ರೂ ನನ್ನ ಗುರಿ ಆಡ್ಕೊಳ್ಳೋದು ಬಿಡ್ಲಿ!"

ಥಿಯಾ ಬಿಚ್ಚಿ ನೋಡಿದಳು. ಮಾಂಸ ಅರೆದು ಕರುಳಿನಲ್ಲಿ ತುಂಬಿ ಹೊಗೆಯಲ್ಲಿ ಒಣಗಿಸಿದ ಸಾಸೇಜ್.

"ಇದನ್ನ ಎಲ್ಲಿ ಮಾಡಿಸಿದ್ರಿ, ಮಾಮ?"

"ಪೇಟೆ ಮಾಂಸದಂಗಡೀಲಿ. ಎಲ್ರೂ ಅಲ್ಲೇ ಅಲ್ವೇನೇ ಕೊಡೋದು?"

"ಅಲ್ಲಿ ಎಲ್ರ ಮಾಂಸಾನೂ ಒಟ್ಟಿಗೇ ಅರೀತಾರಲ್ಲ."

ಡೆಲ್ಮರ್ ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದ. ಉಳಿದವರು ತಮ್ಮ ಜಿಂಕೆಗಳನ್ನು ಪರೀಕ್ಷೆಗೆ ಕೊಟ್ಟಿದ್ದರೋ ಇಲ್ಲವೋ, ಅವನಿಗೂ ತಿಳಿಯದು.

ಅಷ್ಟರಲ್ಲಿ ಮಾಂಸದ ವಾಸನೆ ಒಳಕೋಣೆಗೆ ಮುಟ್ಟಿತ್ತು.

"ಥಿಯಾ, ಒಂದೇ ಒಂದು ತುಂಡು ಹುರಿದು ಕೊಡಮ್ಮ," ಎಂದು ಅಜ್ಜ ಕೇಳಿದ.