ಗೋಡೆಯಗಲದ ಕೆಂಪು

ಮರುದಿನ ಪ್ರದರ್ಶನ. ಅರವತ್ತು ವರ್ಷಗಳ ಚಿತ್ರಗಳೆಲ್ಲ ಬರ್ಮಾದ ಮಂಡಲೆಯ ಸಭಾಂಗಣದ ಗೋಡೆಗೇರಿದ್ದವು. ಚಿತ್ರಕಾರ ಸಾನ್ ನ್ಯುನ್ ಕೋಲೂರಿಕೊಂಡು ಒಂದೊಂದರ ಮುಂದೆಯೂ ನಿಂತರು. ತಾವೇ ಬರೆದವಾದರೂ ಯಾರದೋ ಮನೆಗೆ ನೆಂಟರಾಗಿ ಬಂದಂತೆ ಅನಿಸಿತು. ಅವರ ಮನಸ್ಸು ಹುಡುಕುತ್ತಿದ್ದ ಚಿತ್ರ ಮಾತ್ರ ಅಲ್ಲಿರಲಿಲ್ಲ, ಇನ್ನೆಲ್ಲೂ ಇರಲಿಲ್ಲ. ಅದನ್ನು ಕಂಡಿದ್ದವನೊಬ್ಬ ಇದೇ ಊರಿನಲ್ಲಿದ್ದ. ರಿಕ್ಷಾ ಹಿಡಿದು ಗೆಳೆಯ ಪೇ ತಿನ್ ಮನೆಗೆ ಹೊರಟರು.

ಹರೆಯದಲ್ಲಿ ಇಬ್ಬರೂ ಒಂದೇ ಚಿತ್ರಮಂದಿರಕ್ಕೆ ಪೋಸ್ಟರ್ ಬರೆಯುತ್ತಿದ್ದರು. ಹಗಲೆಲ್ಲ ನಾಯಕಿಯರ ಕೆನ್ನೆಗೆ ಬಣ್ಣ ಬಳಿದು, ಸಂಜೆ ಸಾನ್ ನ್ಯುನ್ ತನಗೆ ತೋಚಿದ್ದನ್ನು ಬರೆಯುತ್ತಿದ್ದ. ಅದರಲ್ಲಿ ಮುಖವಿಲ್ಲ, ಮರವಿಲ್ಲ, ಬರೀ ಬಣ್ಣ. ಊರಿನವರು ಅದನ್ನು ಹುಚ್ಚು ಚಿತ್ರ ಎನ್ನುತ್ತಿದ್ದರು. ಪೇ ತಿನ್ ಕೂಡ ಗೇಲಿ ಮಾಡದೆ ಬಿಡುತ್ತಿರಲಿಲ್ಲ: "ಕುಂಚ ಒರೆಸೋಕೆ ಇಷ್ಟು ದೊಡ್ಡ ಬಟ್ಟೆ ಬೇಕೇನೋ ನಿಂಗೆ?"

ಅಮ್ಮ ತೀರಿಕೊಂಡ ವರ್ಷ ಸಾನ್ ನ್ಯುನ್ ಮೊದಲ ಪ್ರದರ್ಶನಕ್ಕೆಂದು ಗೋಡೆಯಗಲದ ಕೆಂಪು ಚಿತ್ರ ಬರೆದ. ಅಮರಪುರದ ಮನೆಯಂಗಳದಲ್ಲಿ ಅಮ್ಮ ಬಣ್ಣಕ್ಕೆ ಅದ್ದಿ ಒಣಹಾಕುತ್ತಿದ್ದ ರೇಷ್ಮೆ ನೂಲಿನ ಕೆಂಪು ಅದು. ಪ್ರದರ್ಶನಕ್ಕೆ ಮುಂಚೆ ಪರಿಶೀಲನೆಗೆ ಬಂದ ಸರ್ಕಾರಿ ಅಧಿಕಾರಿ ಅದರ ಮುಂದೆ ನಿಂತುಬಿಟ್ಟ.

"ಇಷ್ಟೊಂದು ಕೆಂಪು ಯಾಕೆ?"

"ನಮ್ಮಮ್ಮನ ನೂಲು, ಸಾರ್."

"ನೂಲು ಎಲ್ಲಿದೆ? ನಂಗೆ ರಕ್ತ ಕಾಣ್ತಿದೆ. ಇಳಿಸಿ ಸುಟ್ಹಾಕು."

ಸುಡಲು ಸಾನ್ ನ್ಯುನ್‌ಗೆ ಕೈ ಬರಲಿಲ್ಲ. ಪೇ ತಿನ್ ಚಿತ್ರದ ಬಟ್ಟೆ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಮುಂದಿನ ವಾರ ಆ ಕೆಂಪು ಬಟ್ಟೆ ಚಿತ್ರಮಂದಿರದ ಮುಂಭಾಗದಲ್ಲಿ ಪೋಸ್ಟರಾಗಿ ಹರಡಿಕೊಂಡಿತ್ತು. ಕೆಳಗಿನ ಮೂಲೆಯಲ್ಲಿ ಮಾತ್ರ ಪೇ ತಿನ್ ಬರೆದ, ಎತ್ತಿನಗಾಡಿಯಲ್ಲಿ ಕುಳಿತ ನಾಯಕ, ನಾಯಕಿ, ಬೆರಳುದ್ದ. ಮುಖ ಸಣ್ಣದಾಯಿತೆಂದು ಮಾಲೀಕ ಬೈದ. ಹೆಂಡತಿಯೊಂದಿಗೆ ಸಿನಿಮಾಕ್ಕೆ ಬಂದ ಅದೇ ಅಧಿಕಾರಿ ತಲೆಯೆತ್ತಿ, "ಸೂರ್ಯಾಸ್ತ ಚೆನ್ನಾಗಿ ಬಂದಿದೆ" ಎಂದ. ಸಾನ್ ನ್ಯುನ್ ದಿನವೂ ರಸ್ತೆಯಾಚೆಯ ಹುಣಸೆ ಮರದಡಿ ನಿಂತು ನೋಡುತ್ತಿದ್ದ. ಸಿನಿಮಾ ಬದಲಾದಾಗ ಬೇರೆ ಬಟ್ಟೆ ಇರಲಿಲ್ಲ. ಪೇ ತಿನ್ನನೇ ಅದರ ಮೇಲೆ ಬಿಳಿ ಬಳಿಯಬೇಕಾಯಿತು.

ರಿಕ್ಷಾ ಇಳಿದಾಗ ಪೇ ತಿನ್ ತಮ್ಮ ಮಗಳ ಮನೆಯ ಮುಂದೆ ಬಿದಿರ ಮಂಚದಲ್ಲಿ ಕುಳಿತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಕೋಲಿನ ಸದ್ದಿಗೆ ತಿರುಗಿದರು.

"ಯಾರದು?"

"ನಾನು ಕಣೋ, ಸಾನ್ ನ್ಯುನ್."

"ಹುಚ್ಚನಾ? ಇನ್ನೂ ಇದ್ದೀಯಾ?"

"ನಿನ್ನ ಬಿಟ್ಟು ಹೋಗ್ತೀನಾ. ಆ ಕೆಂಪು ನೆನಪಿದೆಯೇನೋ?"

"ಮರೆಯೋದುಂಟಾ? ಎಷ್ಟು ಸಲ ಬಿಳಿ ಬಳಿದ್ರೂ ಕೆಳಗಿಂದ ಎದ್ದು ಬರ್ತಿತ್ತು. ಅದರ ಮೇಲೆ ಬರೆದ ನಾಯಕಿ ಜ್ವರ ಬಂದವಳ ಹಾಗೆ ಕಾಣ್ತಿದ್ಲು."

ಸಾನ್ ನ್ಯುನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ. ಪೇ ತಿನ್ ತಡಕಾಡಿ ಅವರ ಕೈ ಹಿಡಿದುಕೊಂಡರು.

"ನಾಳೆ ನನ್ನ ಪ್ರದರ್ಶನಕ್ಕೆ ಬಾರೋ."

"ಬಂದು ಏನು ನೋಡ್ಲಿ? ಎಲ್ಲಾ ಮಂಜು ಮಂಜು."

"ನಾನು ಹೇಳ್ತೀನಿ, ನೀನು ಕೇಳು."

ಮರುದಿನ ಸಾನ್ ನ್ಯುನ್ ಗೆಳೆಯನ ಕೈ ಹಿಡಿದು ಚಿತ್ರದಿಂದ ಚಿತ್ರಕ್ಕೆ ನಡೆಸಿದರು. ದೊಡ್ಡ ನೀಲಿ ಚಿತ್ರವೊಂದರ ಮೇಲೆ ಪೇ ತಿನ್ ಬೆರಳಿಟ್ಟಾಗ ಕಾವಲುಗಾರ ಓಡಿಬಂದ.

"ಬಿಡಪ್ಪಾ, ಅವನು ಮುಟ್ಟಲಿ" ಎಂದರು ಸಾನ್ ನ್ಯುನ್.

"ದಪ್ಪ ಬಳಿದಿದ್ದೀಯಾ, ಬಣ್ಣ ದಂಡ" ಎಂದರು ಪೇ ತಿನ್. ಆದರೂ ಬೆರಳು ತೆಗೆಯಲಿಲ್ಲ.

ಭಾಷಣಗಳು ಶುರುವಾದಾಗ ವೇದಿಕೆಯ ಮೇಲೆ ಒಂದು ಕುರ್ಚಿ ಖಾಲಿಯಿತ್ತು. ಹೊರಗೆ ಚಹಾದಂಗಡಿಯಲ್ಲಿ ಮುದುಕರಿಬ್ಬರು ಎತ್ತಿನಗಾಡಿಯ ನಾಯಕಿ ಯಾರೆಂದು ಜಗಳವಾಡುತ್ತಿದ್ದರು.