ಪಂಢರಿನಾಥರ ಅಭಿನಂದನಾ ಭಾಷಣ

೧೯೬೪ರ ಜನವರಿಯಲ್ಲಿ ಮದರಾಸಿನ ಭೂವಿಜ್ಞಾನ ಗೆಳೆಯರ ಸಂಘದವರು ಹವಾಮಾನ ವಿಜ್ಞಾನಿ ಭೋಜರಾಜನನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದರು. ಅಭಿನಂದನಾ ಭಾಷಣವನ್ನು ಸಂಘದ ಹಿರಿಯರಾದ ಪ್ರೊಫೆಸರ್ ಪಂಢರಿನಾಥರೇ ಮಾಡಬೇಕು ಎಂದೂ ಗೊತ್ತಾಯಿತು. ಕಾರ್ಯದರ್ಶಿ ತುಂಗಾ ಕೀಲ್ಪಾಕಿನ ಅವರ ಮನೆಗೆ ಬಂದು ಸುದ್ದಿ ಹೇಳಿದಾಗ, ಪಂಢರಿನಾಥರು ಕಾಫಿ ಲೋಟ ಕೆಳಗಿಟ್ಟರು.

"ಬೇರೆ ಯಾರೂ ಸಿಗಲಿಲ್ಲವೇನಮ್ಮ?"

"ಅವರ ಕೆಲಸ ನಿಮ್ಮಷ್ಟು ಚೆನ್ನಾಗಿ ಯಾರಿಗೆ ಗೊತ್ತು ಸಾರ್?" ಎಂದಳು ತುಂಗಾ.

ಗೊತ್ತಿಲ್ಲದೆ ಏನು! ಭೋಜರಾಜ ಅವರ ಶಿಷ್ಯನೇ. ಪೆರಂಬೂರಿನ ರೈಲ್ವೆ ಗುಮಾಸ್ತರ ಮಗ. ಬಂಗಾಳಕೊಲ್ಲಿಯ ಚಂಡಮಾರುತಗಳು ಸಮುದ್ರದ ನೀರು ಎಲ್ಲಿ ಹೆಚ್ಚು ಬೆಚ್ಚಗಿದೆಯೋ ಅತ್ತ ತಿರುಗುತ್ತವೆ ಎಂದು ಪಂಢರಿನಾಥರು ಇಪ್ಪತ್ತು ವರ್ಷ ಪಾಠ ಹೇಳಿದ್ದರು, ಪುಸ್ತಕದಲ್ಲೂ ಬರೆದಿದ್ದರು. ಭೋಜರಾಜ ವೇಲಚೇರಿಯ ಕೆರೆ ಪಕ್ಕದ ಬಯಲಿನಲ್ಲಿ ನಿಂತು ಐದು ವರ್ಷ ಬಲೂನು ಹಾರಿಸಿದ. ಅವು ಯಾವ ಕಡೆ ತೇಲುತ್ತವೆಂದು ದುರ್ಬೀನಿನಲ್ಲಿ ನೋಡಿ ನೋಡಿ, ಬಹಳ ಎತ್ತರದ ಗಾಳಿಯೇ ಚಂಡಮಾರುತವನ್ನು ತಳ್ಳಿಕೊಂಡು ಹೋಗುತ್ತದೆ ಎಂದು ಲೆಕ್ಕ ಹಾಕಿದ. ಆ ಪ್ರಬಂಧ ಐವತ್ತೇಳರಲ್ಲಿ ಅಚ್ಚಾಯಿತು. ಅದರ ಎರಡನೆಯ ಪುಟದಲ್ಲಿ ಒಂದು ಸಾಲು ಇತ್ತು: "ಪ್ರೊ. ಪಂಢರಿನಾಥರ ವಿವರಣೆ ಈ ಅಳತೆಗಳಿಗೆ ಹೊಂದುವುದಿಲ್ಲ."

ಆ ಸಾಲು ಓದಿದ ಮೇಲೆ ಎರಡು ವರ್ಷ ಪಂಢರಿನಾಥರು ಶಿಷ್ಯನ ಜೊತೆ ಮಾತು ಬಿಟ್ಟರು. ಮನೆಯಲ್ಲಿ ಕೂತು, ಅವನ ಲೆಕ್ಕದಲ್ಲಿ ತಪ್ಪು ಹುಡುಕಲೆಂದು ಅಳತೆಗಳನ್ನೆಲ್ಲ ಒಂದೊಂದಾಗಿ ಮತ್ತೆ ಕೂಡಿ ಕಳೆದು ನೋಡಿದರು. ತಪ್ಪು ಸಿಗಲಿಲ್ಲ. ಮುಂದಿನ ಜೂನ್‌ನಿಂದ ತರಗತಿಯಲ್ಲಿ ಅವನು ಕಂಡುಕೊಂಡದ್ದನ್ನೇ ಪಾಠ ಮಾಡಿದರು. ಆದರೆ ಅವನಿಗೆ ಮಾತ್ರ ಹೇಳಲಿಲ್ಲ. ನಿವೃತ್ತರಾದ ಮೇಲೂ ಎದುರಾದಾಗ ನಮಸ್ಕಾರ, ಹವೆಯ ವಿಚಾರ, ಅಷ್ಟೇ.

ನಾಲ್ಕು ಪುಟದ ಭಾಷಣ ಸಿದ್ಧವಾಯಿತು. ಹೆಂಡತಿ ಜಯಲಕ್ಷ್ಮಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಏನ್ರೀ, ಇದರಲ್ಲಿ ಎಲ್ಲಾ ಇದೆ. ಆ ಸಮಾಚಾರ ಒಂದು ಇಲ್ಲ."

"ಯಾವ ಸಮಾಚಾರ?"

"ನೀವು ಎರಡು ವರ್ಷ ಮುಖ ಊದಿಸ್ಕೊಂಡಿದ್ದು. ಆಮೇಲೆ ಲೆಕ್ಕ-ಕಣಕ್ಕು ಹಾಕಿ ಹಾಕಿ ಅವನದೇ ಸರಿ ಅಂದದ್ದು."

"ಅಷ್ಟು ಜನರ ಮುಂದೆ ಅದನ್ನ ಹೇಳೋದೇ?"

"ಅವನಿಗಾದ್ರೂ ಹೇಳಿದ್ದೀರಾ?"

ಪಂಢರಿನಾಥರು ಕಾಗದಗಳನ್ನು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋದರು.

ಶನಿವಾರ ಸಂಜೆ ಎಗ್ಮೋರಿನ ಸಭಾಂಗಣ ತುಂಬಿತ್ತು. ಭೋಜರಾಜ ಹೊಸ ಕೋಟು ತೊಟ್ಟು, ಕೊರಳಿನ ಮಲ್ಲಿಗೆ ಹಾರಕ್ಕೆ ಮುಜುಗರಪಡುತ್ತ, ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಪಂಢರಿನಾಥರು ಮೊದಲ ಪುಟ ಓದಿದರು. ಎರಡನೆಯದನ್ನು ತೆಗೆಯಲು ಹೋಗಿ, ಎಲ್ಲವನ್ನೂ ಮಡಿಸಿ ಜೇಬಿಗೆ ಹಾಕಿದರು.

"ನನ್ನ ವಿವರಣೆ ತಪ್ಪು ಎಂದು ಈತ ಬರೆದ. ನನಗೆ ಕೋಪ ಬಂತು. ಎರಡು ವರ್ಷ ಮಾತಾಡಿಸಲಿಲ್ಲ. ಕದ್ದುಮುಚ್ಚಿ ಲೆಕ್ಕ ಮಾಡಿ ನೋಡಿದೆ. ನನ್ನದೇ ತಪ್ಪು. ನಲವತ್ತು ಸಾವಿರ ಅಡಿ ಎತ್ತರದ ಗಾಳಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದನ್ನು ಈತನಿಗೆ ಐದು ವರ್ಷದ ಹಿಂದೆಯೇ ಹೇಳಬೇಕಾಗಿತ್ತು. ಇವತ್ತು ಹೇಳುತ್ತಿದ್ದೇನೆ."

ಭೋಜರಾಜ ತಲೆ ತಗ್ಗಿಸಿ ಕೂತ. ಪಂಢರಿನಾಥರು ಶಾಲು ಹೊದಿಸಲು ಬಂದಾಗ ಎದ್ದು ಕಾಲಿಗೆ ಬಗ್ಗಿದ. ಅವರು ಭುಜ ಹಿಡಿದು ಎತ್ತಿದರು. ಅವನ ಕಣ್ಣು ತುಂಬಿತ್ತು. ಆದರೂ ಅವರ ಕಿವಿಯ ಹತ್ತಿರ ಏನೋ ಪಿಸುಗುಟ್ಟಿದ.

"ಸಾರ್, ತಪ್ಪು ತಿಳ್ಕೋಬೇಡಿ. ನಲವತ್ತಲ್ಲ, ಮೂವತ್ತು ಸಾವಿರ."

ಪಂಢರಿನಾಥರು ಗಟ್ಟಿಯಾಗಿ ನಕ್ಕುಬಿಟ್ಟರು. ಮೈಕಿನ ಮುಂದೆ ಹೋಗಿ, "ಮೂವತ್ತು ಸಾವಿರ ಅಡಿಯಂತೆ. ಮತ್ತೆ ತಿದ್ದಿದ್ದಾನೆ!" ಎಂದರು. ಆಗ ಬಿದ್ದ ಚಪ್ಪಾಳೆ ಬೇಗ ನಿಲ್ಲಲಿಲ್ಲ.

ಮರುದಿನ ಭಾನುವಾರ ಭೋಜರಾಜ ಹೆಂಡತಿ ಸೀತಾಳೊಂದಿಗೆ ಕೀಲ್ಪಾಕಿಗೆ ಊಟಕ್ಕೆ ಬಂದ. ಎಲೆಯ ಮುಂದೆ ಕೂತಾಗ ಅವನೇ ಮಾತು ತೆಗೆದ.

"ಆ ಪ್ರಬಂಧ ಅಚ್ಚಿಗೆ ಕಳಿಸೋ ಮುಂಚೆ ನಿಮ್ಮ ಗೇಟಿನ ತನಕ ಎರಡು ಸಲ ಬಂದು ವಾಪಸ್ ಹೋಗಿದ್ದೆ ಸಾರ್."

"ಒಳಗೆ ಬರಬಾರದಾಗಿತ್ತೇನೋ?"

"ನೀವು ಬೇಡ ಅಂದಿದ್ರೆ ಆ ಸಾಲು ತೆಗೆದುಬಿಡ್ತಿದ್ದೆ."

ಪಂಢರಿನಾಥರು ಯೋಚಿಸಿದರು. ಐವತ್ತೇಳರ ತಮ್ಮ ಮುಖ ಅವರಿಗೆ ಚೆನ್ನಾಗಿ ನೆನಪಿತ್ತು. ಖಂಡಿತ ಬೇಡ ಅನ್ನುತ್ತಿದ್ದರು.

"ಬರದೇ ಇದ್ದದ್ದೇ ಒಳ್ಳೇದಾಯ್ತು, ಭೋಜ" ಎಂದು, ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕುವಂತೆ ಜಯಲಕ್ಷ್ಮಿಗೆ ಸನ್ನೆ ಮಾಡಿದರು.