ತಾಗಿದ್ದಲ್ಲ, ತಾಗಿಸಿದ್ದು

"ಅಂಚು ಬಿಗಿ ಹಿಡಿ," ಎಂದಳು ದೊಡ್ಡಕ್ಕ.

ಸ್ಟೇರಿಂಗ್ ಎಂದು ಎಲ್ಲರೂ ಕರೆಯುವ ಹುಡುಗಿ ಬಿಗಿ ಹಿಡಿದಳು. ಬಿಳಿ ಬೆಡ್‌ಶೀಟು ಇಬ್ಬರ ನಡುವೆ ಹಲಗೆಯ ಹಾಗೆ ಸೆಟೆದು ನಿಂತಿತು. ಒಮ್ಮೆ ಕೊಡವಿದರು, ಉದ್ದಕ್ಕೆ ಮಡಿಸಿದರು, ಮತ್ತೊಮ್ಮೆ ಮಡಿಸಿದರು, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ದೊಡ್ಡ ಶೀಟು ಮಡಿಸಲು ನಾಲ್ಕು ಕೈ ಬೇಕು. ದೂರ ನಿಂತಿದ್ದಾಗ ಒಗೆಯುವ ಡ್ರಮ್ಮುಗಳ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ತುದಿಗೆ ತುದಿ ಕೂಡಿಸಲು ಹತ್ತಿರ ಬಂದಾಗ ಮಾತ್ರ ಒಂದು ಮಾತಿಗೆ ಜಾಗ ಸಿಗುತ್ತದೆ.

ಆ ಜಾಗದಲ್ಲಿ ದೊಡ್ಡಕ್ಕ ಕೇಳಿದಳು. "ನನ್ನ ಕಾರಿಗೆ ಏನು ತಾಗಿದ್ದು ಮಗಳೇ, ನೆನಪಾಯ್ತಾ?"

ಸ್ಟೇರಿಂಗ್ ತನ್ನ ತುದಿಯನ್ನು ಅವಳ ಕೈಗೆ ಕೊಟ್ಟು, ಬಗ್ಗಿ ಕೆಳಗಿನ ಮಡಿಕೆಯನ್ನು ಎತ್ತಿಕೊಂಡಳು. "ಏನೋ ತಾಗಿದೆ ಅಂತ ಅವತ್ತೇ ಅಂದ್ನಲ್ಲ ಅಕ್ಕ."

"ಅಂದೆ. ಆ ಏನೋ ಅಂದ್ರೆ ಏನು ಅಂತ ಕೇಳ್ತಿದೀನಿ."

ಮಡಿಸಿದ್ದು ಮೇಜಿಗೆ ಹೋಯಿತು. ಇನ್ನೊಂದು ಶೀಟು ಬಂತು. ಇಬ್ಬರೂ ದೂರ ಸರಿದರು.

ಸ್ಟೇರಿಂಗ್ ಎಂಬುದು ಲಾಂಡ್ರಿಯವರು ಇಟ್ಟ ಹೆಸರು. ಹುಡುಗಿ ಮೊದಲು ಸೇರಿದ್ದು ಡ್ರಮ್ ರೂಮಿಗೆ. ಅಲ್ಲಿಯ ಬಿಸಿ ಹಬೆ ಅವಳ ಉಬ್ಬಸಕ್ಕೆ ವಿಷ. ಒಂದು ದಿನ ತುಟಿ ನೀಲಿಯಾಗಿ, ಒದ್ದೆ ಬಟ್ಟೆಯ ಗುಡ್ಡೆಯ ಮೇಲೆ ಕುಸಿದು ಕೂತವಳನ್ನು ದೊಡ್ಡಕ್ಕನೇ ಎಳೆದುಕೊಂಡು ಬಂದು ಮಡಿಸುವ ಮೇಜಿಗೆ ಹಾಕಿಸಿಕೊಂಡಿದ್ದಳು. ಕೆಲಸ ಕಲಿಸಿದ್ದಳು. ಮಗಳೇ ಎಂದು ಕರೆಯತೊಡಗಿದ್ದೂ ಆಗಲೇ. ಆದರೆ ಮಗಳು ಹೇಳದೆ ಕೇಳದೆ ವ್ಯಾನು ಓಡಿಸಲು ಕಲಿತಳು. ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದಳು. ವಾರ್ಡುಗಳಿಗೆ ಶೀಟು ಸಾಗಿಸುವ ವ್ಯಾನಿನ ಸೀಟಿನಲ್ಲಿ ಹೋಗಿ ಕೂತಳು. ಈಗ ಲೋಡು ತುಂಬುವವರೆಗೆ ಮಾತ್ರ ಮೇಜಿಗೆ ಬಂದು ಕೈ ಕೊಡುತ್ತಾಳೆ. ಇನ್ನೂ ಕಾಯಂ ಆಗಿಲ್ಲ. ಈ ವರ್ಷ ಮುಗಿದರೆ ಆಗುತ್ತದೆ. ಆಗದಿದ್ದರೆ ಮತ್ತೆ ಡ್ರಮ್ ರೂಮೇ ಗತಿ. ಮಡಿಸುವ ಮೇಜಿನಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿದೆ.

ದೊಡ್ಡಕ್ಕನೂ ಕಾರು ಕಲಿತವಳೇ, ಕೂದಲು ಬೆಳ್ಳಗಾದ ಮೇಲೆ. ರಿವರ್ಸ್ ಹೋಗುವಾಗ ಪ್ರತಿ ಸಲವೂ ಕಂಬ ಬೀಳಿಸಿ, ಪರೀಕ್ಷೆ ತೆಗೆದುಕೊಳ್ಳುವವನು "ಮತ್ತೆ ಬಂದ್ರಾ ಅಮ್ಮ" ಎಂದು ಕುರ್ಚಿ ಹಾಕಿ ಕೂರಿಸುವಷ್ಟು ಪರಿಚಯವಾದ ಮೇಲೆ ಪಾಸಾದವಳು. ಲಾಂಡ್ರಿಯೆಲ್ಲ ನಕ್ಕಿತ್ತು. ಕೊನೆಗೆ ಒಂದು ಹಳೆಯ ನೀಲಿ ಕಾರು ಕೊಂಡು, ಅಂಗಳದ ಗೋಡೆಯ ಪಕ್ಕ ನಿಲ್ಲಿಸಿ, ಮಗುವಿನ ಮೂಗು ಒರೆಸಿದ ಹಾಗೆ ಅದರ ದೀಪ ಒರೆಸಿ ಒಳಗೆ ಬರುತ್ತಿದ್ದಳು. ನಗುವುದು ನಿಂತಿತ್ತು.

ಒಂದು ಮಧ್ಯಾಹ್ನ ನೋಡಿದರೆ ಎಡಗಡೆಯ ಬಾಗಿಲು ತಗ್ಗು ಬಿದ್ದಿತ್ತು. ತಗ್ಗಿನ ನಡುವೆ ಬಿಳಿ ಬಣ್ಣದ ಗೀರು. ಅಂಗಳದಲ್ಲಿ ಓಡಾಡುವ ಬಿಳಿಯ ಗಾಡಿ ಒಂದೇ. ಎಲ್ಲರೂ ಸುತ್ತ ನೆರೆದರು. ಯಾರೂ ಏನೂ ಕೇಳುವ ಮೊದಲೇ ಸ್ಟೇರಿಂಗ್ ಅಂದಿದ್ದಳು, "ಏನೋ ತಾಗಿದೆ ಅಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಬಾಯ್ಲರ್ ನೋಡಿಕೊಳ್ಳುವ ಮುದುಕ, ಎಲ್ಲರ ಬಾಯಲ್ಲೂ ಮಾವ, ಮೀಸೆಯಲ್ಲೇ ನಕ್ಕ. "ಹಾಲು ಉಕ್ತು, ಲೋಟ ಬಿತ್ತು, ಕಾರಿಗೆ ತಾಗ್ತು. ಈ ಲೋಕದಲ್ಲಿ ಎಲ್ಲ ತಾನಾಗೇ ಆಗುತ್ತೆ ಕಣವ್ವ, ಯಾರೂ ಏನೂ ಮಾಡಲ್ಲ."

ಹುಡುಗಿಗೆ ನಿಜ ಹೇಳುವ ಮನಸ್ಸಿರಲಿಲ್ಲ ಎಂದಲ್ಲ. ಹೇಳಬೇಕೆಂದೇ ಅಂಗಳಕ್ಕೆ ಬಂದಿದ್ದಳು. ಅಷ್ಟು ಮುಖಗಳನ್ನು ಕಂಡು ನಾಲಿಗೆ ಅಡ್ಡದಾರಿ ಹಿಡಿಯಿತು. ವ್ಯಾನ್ ಶೆಡ್ಡಿನ ಬಾಗಿಲಲ್ಲಿ ನಿಯಮ ಅಂಟಿಸಿತ್ತು: ಯಾವುದಕ್ಕಾದರೂ ಗಾಡಿ ತಾಗಿಸಿದ ಚಾಲಕರು ಅದೇ ದಿನ ತಿಳಿಸಬೇಕು, ಮುಚ್ಚಿಟ್ಟವರನ್ನು ಚಾಲಕರ ಕೆಲಸದಿಂದ ತೆಗೆಯಲಾಗುವುದು. ತಿಳಿಸಿದ್ದರೆ ಬೈಗುಳಕ್ಕೆ ಮುಗಿಯುತ್ತಿತ್ತು. ಸಂಜೆಯಾಯಿತು. ಮುಚ್ಚಿಟ್ಟ ಹಾಗಾಯಿತು.

ದೊಡ್ಡಕ್ಕ ಅವತ್ತೇ ಕಾಗದ ಬರೆದಳು. ವಯಸ್ಸಾದವರ ಶಾಲೆಯಲ್ಲಿ ಓದು ಬರಹ ಕಲಿತವಳು. ಕರ್ತೃ, ಕರ್ಮ, ಕ್ರಿಯಾಪದ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದು ಅವಳಿಗೆ ಸಂಧ್ಯಾವಂದನೆಯಷ್ಟು ಬಾಯಿಪಾಠ. ದೊಡ್ಡ ಆಫೀಸಿನ ಗಾಡಿ ವಿಭಾಗದ ಸಾಹೇಬರಿಗೆ ಎಂದು ಶುರು ಮಾಡಿ, ಆದದ್ದನ್ನೆಲ್ಲ ಬರೆದಳು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಅಂಥ ಕಡೆ ಚಾಲಕರೇ ಇಬ್ಬರ ಮುಂದೆ ಒಪ್ಪಿಕೊಂಡಿರಬೇಕು, ಇಲ್ಲದಿದ್ದರೆ ದೂರು ನಿಲ್ಲದು. ಆದ್ದರಿಂದ ಕೊನೆಯ ಸಾಲನ್ನು ಹೀಗೆ ಬರೆದಳು: 'ನಾನೇ ತಾಗಿಸಿದೆನೆಂದು ಚಾಲಕಿ ಇಬ್ಬರ ಎದುರು ಒಪ್ಪಿಕೊಂಡಿದ್ದಾಳೆ.'

ಬರೆದು ಓದಿದಳು. ಕೊನೆಯ ಸಾಲು ಸುಳ್ಳಾಗಿತ್ತು. ದೊಡ್ಡಕ್ಕ ಸುಳ್ಳು ಹೇಳುವವಳಲ್ಲ. ಅದು ಅವಳ ಹೆಮ್ಮೆ. ಸಾಲನ್ನು ಹೊಡೆದುಹಾಕಲಿಲ್ಲ. ಕಾಗದ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಸಾಲು ನಿಜವಾಗುವವರೆಗೆ ಕಾಯುವುದಷ್ಟೆ. ಕಾಯುವುದು ಅವಳಿಗೆ ಗೊತ್ತಿತ್ತು.

ಸರಿಯಾಗಿ ಮುಚ್ಚಿಕೊಳ್ಳದ ಆ ಬಾಗಿಲನ್ನು ರಿಪೇರಿ ಮಾಡಿಸಲಿಲ್ಲ. ಹರಿದ ಶೀಟಿನ ಪಟ್ಟಿಯೊಂದನ್ನು ಹಿಡಿಕೆಗೆ ಬಿಗಿದು, ಒಳಗಿನಿಂದ ಕಟ್ಟಿಕೊಂಡಳು. ಆ ಬಿಳಿ ಪಟ್ಟಿ, ಗಾಯಕ್ಕೆ ಸುತ್ತಿದ ಬಟ್ಟೆಯ ಹಾಗೆ, ದಿನವೂ ಅಂಗಳದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಸ್ಟೇರಿಂಗ್‌ಳ ಅಕ್ಕನ ಗಂಡ ಗಾಡಿಗಳ ಟಿಂಕರಿಂಗ್ ಮಾಡುವವನು. "ಸುಮ್ನೆ ಅವನ ಹತ್ರ ಬಿಡಿ ಅಕ್ಕ, ಹೊಸದರ ಹಾಗೆ ಮಾಡಿ ಕೊಡ್ತಾನೆ," ಎಂದಳು ಒಂದು ಸಲ, ಶೀಟಿನ ತುದಿ ಕೊಡುತ್ತಾ.

"ಅವನ್ಯಾಕೆ ಮಾಡ್ಬೇಕು? ಅವನೇನು ತಾಗಿಸಿದ್ನಾ?"

"ಇಲ್ಲ."

"ಮತ್ತೆ ಯಾರು?"

ಹುಡುಗಿ ದೂರ ಸರಿದಳು.

ಇಷ್ಟಕ್ಕೇ ನಿಂತಿದ್ದರೆ ಜನ ದೊಡ್ಡಕ್ಕನನ್ನು ಹಟಮಾರಿ ಎನ್ನುತ್ತಿದ್ದರು. ಅವಳು ಸಂಜೆ ಸ್ಟೇರಿಂಗ್‌ಳನ್ನು ತನ್ನ ಕಾರಿನಲ್ಲೇ ಮನೆಗೆ ಬಿಡಲು ಶುರು ಮಾಡಿದಳು. "ಉಬ್ಬಸದವಳು, ಬಸ್ಸಿನ ಹೊಗೆ ಯಾಕೆ ಕುಡೀಬೇಕು? ಬಾ ಮಗಳೇ," ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕರೆಯುತ್ತಿದ್ದಳು. ಎಂಥ ದೊಡ್ಡ ಮನಸ್ಸು ಎಂದಿತು ಲಾಂಡ್ರಿ. ಹುಡುಗಿ ಕೂರುವುದು ಎಡಗಡೆ. ಹೊರಡುವಾಗ ದೊಡ್ಡಕ್ಕ ಪಟ್ಟಿಯ ಗಂಟು ಬಿಚ್ಚಿ ಅದರ ತುದಿಯನ್ನು ಅವಳ ಕೈಗೆ ಕೊಡುತ್ತಿದ್ದಳು. "ಹಿಡ್ಕೊ. ಬಿಟ್ರೆ ಬಾಗಿಲು ತೆಕ್ಕೊಳ್ಳುತ್ತೆ, ರಸ್ತೆ ಪಾಲಾಗ್ತೀಯ."

ಹುಡುಗಿ ದಾರಿಯುದ್ದಕ್ಕೂ ಪಟ್ಟಿಯನ್ನು ಅಂಗೈಗೆ ಸುತ್ತಿ ಎಳೆದುಕೊಂಡು ಕೂರಬೇಕು. ತಿರುವುಗಳಲ್ಲಿ ದೊಡ್ಡಕ್ಕ ನಿಧಾನಿಸುತ್ತಿರಲಿಲ್ಲ.

"ಅಕ್ಕ, ಸ್ವಲ್ಪ ನಿಧಾನ."

"ನಾನು ನಿಧಾನವಾಗೇ ಹೋಗ್ತಿದೀನಿ ಮಗಳೇ. ಕಾರು ಜೋರಾಗಿ ಹೋಗ್ತಿದೆ."

ಹೀಗೆ ಶೀಟುಗಳು ಮಡಿಕೆಯಾದವು. ಮಾತಿನ ಮಡಿಕೆ ಬಿಚ್ಚುತ್ತಾ ಬಂತು. ಏನೋ ತಾಗಿದೆ ಎಂಬುದು ಒಂದು ದಿನ "ಯಾವುದೋ ಗಾಡಿ ತಾಗಿರ್ಬೇಕು" ಆಯಿತು. ಅದನ್ನು ಮಡಿಸುವ ಮೇಜಿನ ಮೇಲೆ ಇಟ್ಟು ದೊಡ್ಡಕ್ಕ ಮುಂದಿನದಕ್ಕೆ ಕೈ ಚಾಚಿದಳು.

"ಯಾವ ಗಾಡಿ?"

"ವ್ಯಾನೇ ಇರ್ಬಹುದು."

"ಇರ್ಬಹುದು?"

ಇನ್ನೊಂದು ಶೀಟು. ಇನ್ನೊಂದು ವಾರ.

"ವ್ಯಾನು ತಾಗ್ತು ಅಕ್ಕ."

ಉಸಿರು ಮುಖಕ್ಕೆ ಬಡಿಯುವಷ್ಟು ಹತ್ತಿರ ನಿಂತು ದೊಡ್ಡಕ್ಕ ಹುಡುಗಿಯ ಎದೆಯ ಸಿಳ್ಳೆ ಕೇಳಿಸಿಕೊಂಡಳು. "ಒಳ್ಳೆ ವಾಕ್ಯ. ಇದರಲ್ಲಿ ಕರ್ತೃ ಯಾರು ಮಗಳೇ?"

"ನಂಗೆ ಗೊತ್ತಾಗಲ್ಲ ಅಕ್ಕ, ಅಷ್ಟು ಓದಿಲ್ಲ ನಾನು."

"ವ್ಯಾನು ಕರ್ತೃ. ಅದು ಒಂದೇ ಸಲಕ್ಕೆ ಪಾಸಾಯ್ತಾ ಪರೀಕ್ಷೆ? ಅದಕ್ಕೆ ಕೈ ಕಾಲು ಇದೆಯಾ? ತಾಗಿದ್ದು ಬೇರೆ, ತಾಗಿಸಿದ್ದು ಬೇರೆ. ನಂಗೆ ದುಡ್ಡು ಬೇಡ, ಬಾಗಿಲು ಬೇಡ. ಒಂದು ಅಕ್ಷರ ಸಾಕು. ಆ 'ಸಿ' ಒಂದು ಹಾಕು."

ಹುಡುಗಿ ತೆಳ್ಳಗಾದಳು. ವ್ಯಾನನ್ನು ಗೋಡೆಯಿಂದ ಮಾರು ದೂರ ನಿಲ್ಲಿಸಿ, ಇಳಿದು ಹಿಂದೆ ಮುಂದೆ ನೋಡಿ, ಮತ್ತೆ ಹತ್ತುತ್ತಿದ್ದಳು. ಬಟ್ಟೆ ಹೊಲಿದು ತೇಪೆ ಹಾಕುವ ಅಜ್ಜಿ ಕಿಟಕಿಯ ಪಕ್ಕದ ತನ್ನ ಮೆಷಿನ್ ಹತ್ತಿರ ಅವಳನ್ನು ಕರೆದು ಕೂರಿಸಿಕೊಂಡಳು. ಬಾಯ್ಲರ್ ಮಾವನೂ ಅಲ್ಲೇ ಇದ್ದ.

"ನೀನೇ ಮಾಡಿದ್ದು ಅಂತ ಗೋಡೆಗೂ ಗೊತ್ತು," ಎಂದಳು ಅಜ್ಜಿ. "ಹೇಳಿ ಕೈ ತೊಳ್ಕೊಬಾರ್ದಾ?"

"ಬಾಯಿ ಬಿಟ್ರೆ ಬಣ್ಣಗೇಡು," ಎಂದ ಮಾವ. "ಇಷ್ಟು ದಿನ ತಡೆದಿದೀಯ, ಕಾಯಂ ಆಗೋವರೆಗೂ ತಡ್ಕೊ."

"ನೀನು ಸುಮ್ನಿರು, ಹೊಗೆ ಕುಡಿದು ಕುಡಿದು ನಿನ್ನ ಬುದ್ಧಿಯೂ ಮಸಿ. ಅವಳೇನು ಹೊರಗಿನೋಳಾ? ಇವಳನ್ನ ಹಬೆಯಿಂದ ಎಳ್ಕೊಂಡು ಬಂದೋಳು. ಮಗಳೇ ಅಂತಾಳೆ, ಕಾರಲ್ಲಿ ಕರ್ಕೊಂಡು ಹೋಗ್ತಾಳೆ. ಅವಳಿಗೆ ಬೇಕಾಗಿರೋದು ಮರ್ಯಾದೆ ಅಷ್ಟೆ. ಕೊಟ್ರೆ ಕರಗಿ ಹೋಗ್ತಾಳೆ."

"ಕಾಗದ ಗೀಗದ ಬರೆದ್ರೆ?" ಎಂದ ಮಾವ.

"ಬರೆಯೋಳಾಗಿದ್ರೆ ಅವತ್ತೇ ಬರೀತಿದ್ಲು."

ಅಜ್ಜಿಯ ಲೆಕ್ಕ ತಪ್ಪಿರಲಿಲ್ಲ. ದೊಡ್ಡಕ್ಕ ಅವತ್ತೇ ಬರೆದಿದ್ದಳು.

ಮರುದಿನ ಟೀ ಹೊತ್ತಿಗೆ ಡ್ರಮ್ಮುಗಳು ನಿಂತವು. ಲಾಂಡ್ರಿಯಲ್ಲಿ ಹನಿ ಬೀಳುವುದೂ ಕೇಳಿಸುವಂಥ ಹೊತ್ತು ಅದೊಂದೇ. ಕೊನೆಯ ಶೀಟು ಇಬ್ಬರ ನಡುವೆ ಇತ್ತು. ಮೆಷಿನ್ ಹತ್ತಿರ ಮಾವನ ಜೊತೆ ಟೀಗೆ ಕೂತಿದ್ದ ಅಜ್ಜಿ ಕಣ್ಣಲ್ಲೇ ಸನ್ನೆ ಮಾಡಿದಳು. ಸ್ಟೇರಿಂಗ್ ನಡೆದು ಬಂದು ತುದಿಯನ್ನು ದೊಡ್ಡಕ್ಕನ ಕೈಗೆ ಕೊಟ್ಟಳು, ಆದರೆ ಕೈ ಬಿಡಲಿಲ್ಲ.

"ಅಕ್ಕ, ತಾಗಿಸ್ದೆ," ಎಂದಳು ಸಣ್ಣಗೆ.

"ಗಂಟಲು ಬಿಟ್ಟು ಹೇಳು ಮಗಳೇ. ನಾನು ಮುದುಕಿ."

"ನಾನೇ ತಾಗಿಸ್ದೆ. ರಿವರ್ಸ್ ತಗೋವಾಗ. ಹೆದರಿಕೆ ಆಗಿ ಹೇಳ್ಲಿಲ್ಲ. ತಪ್ಪಾಯ್ತು ಅಕ್ಕ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂದಿತ್ತು, ಅಳುವಿನ ಜೊತೆ ಉಬ್ಬಸವೂ. ದೊಡ್ಡಕ್ಕ ಶೀಟನ್ನು ಮೇಜಿನ ಮೇಲಿಟ್ಟು, ಹುಡುಗಿಯನ್ನು ಎದೆಗೆ ಒರಗಿಸಿಕೊಂಡು, ಬೆನ್ನು ನೀವಿದಳು. ಸಿಳ್ಳೆ ತಗ್ಗುವವರೆಗೂ ನೀವಿದಳು.

"ಹಗುರ ಆಯ್ತಾ?"

"ಆಯ್ತು ಅಕ್ಕ."

"ನೀವಿಬ್ರೂ ಕೇಳಿಸ್ಕೊಂಡ್ರಲ್ಲ?" ಎಂದು ದೊಡ್ಡಕ್ಕ ಹೆಗಲಾಚೆ ಕೇಳಿದಳು.

"ನನ್ನ ಕಿವಿ ಮಂದ," ಎಂದಳು ಅಜ್ಜಿ, ಕಣ್ಣೊರೆಸಿಕೊಳ್ಳುತ್ತಾ, "ಆದ್ರೆ ಇದು ಕೇಳಿಸ್ತು ತಾಯಿ. ಚೆನ್ನಾಗೇ ಕೇಳಿಸ್ತು."

"ಮಾವ?"

"ಕೇಳಿಸ್ದೆ ಏನು. ಮುಗೀತಲ್ಲ, ಟೀ ಆರ್ತಿದೆ, ಕುಡೀರಿ," ಎಂದ ಮಾವ. ಅವನಿಗೂ ಸಮಾಧಾನವಾಗಿತ್ತು. ತನ್ನ ಲೋಟವನ್ನೇ ಹುಡುಗಿಯ ಕಡೆಗೆ ಸರಿಸಿದ.

ದೊಡ್ಡಕ್ಕ ಟೀ ಕುಡಿದಳು. ಲೋಟ ತೊಳೆದಿಟ್ಟಳು. ಕೈ ಒರೆಸಿಕೊಂಡು ಕೈಚೀಲದಿಂದ ಕಾಗದ ತೆಗೆದಳು. ಮಡಿಕೆಗಳಲ್ಲಿ ಸವೆದಿತ್ತು. ಮೊದಲಿನಿಂದ ಕೊನೆಯವರೆಗೆ ಓದಿದಳು. ಈಗ ಒಂದೇ ಒಂದು ಸುಳ್ಳು ಇರಲಿಲ್ಲ. ತಾರೀಖು ಹಾಕಿದಳು. ಕೇಳಿಸಿಕೊಂಡ ಇಬ್ಬರು ಯಾರೆಂದು ಕೆಳಗೆ ಬರೆದಳು. ಲಕೋಟೆಗೆ ಹಾಕಿ ಅಂಟಿಸಿದಳು.

"ಏನದು?" ಎಂದಳು ಅಜ್ಜಿ.

"ಹಳೇ ಕಾಗದ. ಕಳ್ಸೋದು ತಡ ಆಗಿತ್ತು."

ಅಜ್ಜಿಯ ಕಾಲು ಮೆಷಿನ್ನಿನ ಮೇಲೆ ನಿಂತಿತು. ಅವಳು ಲಕೋಟೆಯನ್ನು ನೋಡಿದಳು, ದೊಡ್ಡಕ್ಕನ ಮುಖ ನೋಡಿದಳು, ಬಾಯಿ ತೆರೆದಳು. ಅಷ್ಟರಲ್ಲಿ ಡ್ರಮ್ಮುಗಳು ಮತ್ತೆ ತಿರುಗತೊಡಗಿದ್ದವು.

ಅಂಗಳದಲ್ಲಿ ವ್ಯಾನಿಗೆ ಲೋಡು ತುಂಬಿತ್ತು. ಸ್ಟೇರಿಂಗ್ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಕಣ್ಣು ಕೆಂಪಾಗಿದ್ದರೂ ಮುಖ ತೊಳೆದ ಹಾಗಿತ್ತು. ದೊಡ್ಡಕ್ಕನನ್ನು ಕಂಡು ಕಿಟಕಿಯಿಂದ ಬಗ್ಗಿದಳು.

"ಭಾವನಿಗೆ ಹೇಳ್ತೀನಿ ಅಕ್ಕ. ಭಾನುವಾರ ಬಂದು ಬಾಗಿಲು ತಗೊಂಡು ಹೋಗ್ತಾನೆ. ಈಗಲಾದ್ರೂ ಬೇಡ ಅನ್ಬೇಡಿ."

"ಬರ್ಲಿ, ಬೇಡ ಅನ್ನಲ್ಲ." ದೊಡ್ಡಕ್ಕ ಲಕೋಟೆಯನ್ನು ಕಿಟಕಿಯೊಳಗೆ ಚಾಚಿದಳು. "ದೊಡ್ಡ ಆಫೀಸಿನ ಮುಂದೇ ಹೋಗ್ತೀಯಲ್ಲ, ಟಪಾಲಿನ ಕಿಟಕೀಲಿ ಕೊಟ್ಟು ಹೋಗು."

"ಅರ್ಜೆಂಟಾ ಅಕ್ಕ?"

"ಇಷ್ಟು ದಿನ ಕಾದಿದೆ. ನೀನು ನೋಡ್ಕೊಂಡು ಹೋಗು, ಯಾವುದಕ್ಕೂ ತಾಗಿಸ್ಬೇಡ."

ಹುಡುಗಿ ನಕ್ಕಳು. ಬಹಳ ದಿನಗಳ ಮೇಲೆ ಬಂದ ನಗು, ಕೆಮ್ಮಿನಲ್ಲಿ ಕೊನೆಯಾಯಿತು. ಲಕೋಟೆ ಮುದುಡಬಾರದೆಂದು ಅದನ್ನು ತನ್ನ ತಲೆಯ ಮೇಲಿನ ಬಿಸಿಲುಮರೆಗೆ ಜೋಪಾನವಾಗಿ ಸಿಕ್ಕಿಸಿಕೊಂಡಳು. ಹಿಂದೆ ನೋಡಿದಳು, ಪಕ್ಕ ನೋಡಿದಳು, ಗೇಟು ದಾಟಿ ಆಫೀಸಿನ ರಸ್ತೆಗೆ ತಿರುಗಿದಳು.